ಒಂದೇ ಕಂಬಕ್ಕೆ ಮೂವರು ತಾಲಿವಾ

ಆಗಸ್ಟ್ 4, ಸೋಮವಾರ

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಬೇಕು. ಕಾಗುಣಿತವೂ ತಪ್ಪುತ್ತದೆ. ಪ್ರೈಮರಿ ಮುಗಿದ ವರ್ಷವೇ ಅಜ್ಜಿ ಹಾಸಿಗೆ ಹಿಡಿದಳು, ಆಮೇಲೆ ನಾನು ಶಾಲೆಗೆ ಹೋಗಲಿಲ್ಲ. ಈ ಪುಸ್ತಕ ಯಾರ ಕೈಗೂ ಸಿಗಬಾರದೆಂದು ಅಕ್ಕಿ ಡಬ್ಬದ ಹಿಂದೆ ಇಡುತ್ತೇನೆ. ಹಾಗಾದರೆ ಕ್ಷಮೆ ಯಾರನ್ನು ಕೇಳಿದೆನೋ ಗೊತ್ತಿಲ್ಲ. ಅಭ್ಯಾಸ.

ಟೈಪ್ ಮಾಡುವುದು ಮಾತ್ರ ನನಗೆ ಚೆನ್ನಾಗಿ ಬರುತ್ತದೆ. ಪಾದ್ರಿಯ ಹೆಂಡತಿಗೆ ಆರು ವರ್ಷ ಸ್ತೋತ್ರದ ಹಾಳೆಗಳನ್ನು ಟೈಪ್ ಮಾಡಿಕೊಟ್ಟೆ. ಅದನ್ನು ನೋಡಿಯೇ ನೀರಿನ ಕಚೇರಿಯವರು ನನ್ನನ್ನು ತೆಗೆದುಕೊಂಡರು. ಫೆಬ್ರುವರಿಯ ಬಿರುಗಾಳಿಗೆ ಕಡಲು ಊರೊಳಗೆ ಬಂದು ನಮ್ಮ ಒರತೆಯೆಲ್ಲ ಉಪ್ಪಾಯಿತು. ಅದಕ್ಕೆ ಸರ್ಕಾರದವರು ಮನೆಗೊಂದು ಕಪ್ಪು ನೀರಿನ ಟ್ಯಾಂಕ್ ಕೊಡುತ್ತಾರೆ. ಹೆಂಗಸರ ಸಂಘದವರು ಮನೆಮನೆಗೆ ಹೋಗಿ ಗುಲಾಬಿ ಬಣ್ಣದ ಕಾರ್ಡು ತುಂಬಿಸಿ ತಂದರು. ಅದನ್ನು ಯಂತ್ರಕ್ಕೆ ಹಾಕುವುದು ನನ್ನ ಕೆಲಸ.

ನಮ್ಮ ಫಲೆವಾವಾ ದೊಡ್ಡ ಊರು. ಇನ್ನೂರ ಹದಿನಾಲ್ಕು ಕಾರ್ಡು. ಹನ್ನೊಂದು ದಿನ ಕೂತು ಟೈಪ್ ಮಾಡಿದೆ. ನಮ್ಮ ಮನೆಯ ಕಾರ್ಡನ್ನು ಎಲ್ಲರದ್ದೂ ಮುಗಿದ ಮೇಲೆ ಕಟ್ಟಕಡೆಗೆ ಹಾಕಿದೆ. ಬಡಿಸುವವರು ಕಡೆಗಲ್ಲವೇ ಉಣ್ಣುವುದು. ಹೋದ ಶುಕ್ರವಾರ ಎಲ್ಲವನ್ನೂ ಒಟ್ಟಿಗೆ ತುಂಬುವ ಗುಂಡಿ ಒತ್ತಿದೆ. ‘214 ಸಾಲು ತುಂಬಿದೆ’ ಎಂದು ಪರದೆಯ ಮೇಲೆ ಬಂತು. ನನ್ನ ಕಣ್ಣಾರೆ ನೋಡಿದೆ.

ಇವತ್ತು ರಾಜಧಾನಿ ಅಪಿಯಾದ ಕಚೇರಿಯಿಂದ ಪಟ್ಟಿ ಬಂತು. ನೂರ ಎಂಬತ್ತೇಳು.

ನಮ್ಮ ಕಚೇರಿಗೆ ಎತುವಾತಿ ಮುಖ್ಯಸ್ಥರು. ನ್ಯೂಜಿಲೆಂಡಿನಲ್ಲಿ ಓದಿದವರು. ಡ್ರೈವರ್, ಪೈಪಿನವರು, ಎಲ್ಲರೂ ಕೂತಿದ್ದಾಗ ಕೇಳಿದರು: “ಅಕೆನೇಸೆ, ಇಪ್ಪತ್ತೇಳು ಮನೆ ಎಲ್ಲಿ ಹೋಯ್ತಮ್ಮ? ಟಾರೋ ಗೆಡ್ಡೆ ಜೊತೆ ಬೇಯ್ಸಿ ತಿಂದ್ಬಿಟ್ಯಾ?”

ಎಲ್ಲರೂ ನಕ್ಕರು. ಯಂತ್ರ ಇನ್ನೂರ ಹದಿನಾಲ್ಕು ಅಂದಿತ್ತು ಎಂದು ಹೇಳಬೇಕೆಂದು ಬಾಯಿ ತೆರೆದೆ. “ಕ್ಷಮಿಸಿ” ಎಂದು ಬಂತು.

“ಕ್ಷಮ್ಸೋದು ದೇವರ ಕೆಲ್ಸ. ನಂಗೆ ಇಪ್ಪತ್ತೇಳು ಮನೆ ಬೇಕು” ಅಂದರು. ಆಮೇಲೆ ಡ್ರೈವರ್ ಕಡೆ ತಿರುಗಿ, “ಪ್ರೈಮರಿ ಓದಿದೋರನ್ನ ಇಟ್ಕೊಂಡ್ರೆ ಹಿಂಗೇ” ಅಂದರು. ನನಗೆ ಕೇಳಿಸಲಿ ಎಂದೇ ಅಂದರು.

ಒಂದು ಕಾರ್ಡನ್ನೂ ನಾನು ಬಿಟ್ಟಿಲ್ಲ. ಒಂದನ್ನೂ ಬಿಟ್ಟಿಲ್ಲ. ಇಲ್ಲಿ ಬರೆದರೆ ಏನು ಬಂತು.

ಆಗಸ್ಟ್ 5, ಮಂಗಳವಾರ

ಪಟ್ಟಿಯನ್ನು ಅಂಗಡಿಯ ಗೋಡೆಗೆ ಅಂಟಿಸಿದ್ದಾರೆ. ಅದರಲ್ಲಿ ತಾಲಿವಾ ಎಂದು ಒಬ್ಬರೇ ಇದ್ದಾರೆ. ‘ತಾಲಿವಾ, ಶಾಲೆಯ ಹಿಂದೆ, ಏಳು ಜನ.’ ಅದು ನಮ್ಮ ಮನೆ.

ತಾಲಿವಾ ಎಂಬುದು ಮನೆತನದ ಯಜಮಾನರಿಗೆ ಕೊಡುವ ಪದವಿ; ಅದು ಬಂದ ಮೇಲೆ ಊರೆಲ್ಲ ಅದೇ ಹೆಸರಿಂದ ಕರೆಯುತ್ತದೆ. ನಮ್ಮ ಊರಲ್ಲಿ ಅದು ಮೂರು ಕವಲಿಗೆ ಹಂಚಿಹೋಗಿದೆ. ಶಾಲೆಯ ಹಿಂದಿನ ತಾಲಿವಾ ನನ್ನ ಸೋದರಮಾವ, ನನ್ನನ್ನು ಸಾಕಿದವರು. ಕಡಲ ಕಡೆಯ ತಾಲಿವಾ ಮೂವರಲ್ಲಿ ಹಿರಿಯರು. ಸೇತುವೆ ಬಳಿಯ ತಾಲಿವಾ ಹೋದ ವರ್ಷ ಪದವಿ ಪಡೆದವರು. ಮೂವರ ಕಾರ್ಡನ್ನೂ ನಾನೇ ಹಾಕಿದ್ದೇನೆ. ಈಗ ಉಳಿದಿರುವುದು ನಮ್ಮದೊಂದೇ. ನೋಡಿದವರು ಏನು ತಿಳಿಯುತ್ತಾರೆ? ನಾನಾಗಿದ್ದರೆ ಏನು ತಿಳಿಯುತ್ತಿದ್ದೆ?

ಮಧ್ಯಾಹ್ನ ಕಡಲ ಕಡೆಯ ತಾಲಿವಾರ ಹೆಂಡತಿ ಫುವಾಫಿವಾ ಬಂದರು. ಮನೆಯೊಳಗೆ ಬರಲಿಲ್ಲ, ಅಂಗಳದಲ್ಲೇ ನಿಂತು ಬೀದಿಗೆಲ್ಲ ಕೇಳುವ ಹಾಗೆ ಶುರು ಮಾಡಿದರು.

“ತಾಲಿವಾ ಅನ್ನೋರು ಊರಲ್ಲಿ ಒಬ್ರೇ ಅಂತೆ! ಹಂಗಾದ್ರೆ ನಲವತ್ತು ವರ್ಷದಿಂದ ನಾನು ಯಾರ ಜೊತೆ ಸಂಸಾರ ಮಾಡ್ತಿದೀನಿ? ಮನೆಗೋಗಿ ಆ ಮುದುಕನ್ನ ಕೇಳ್ಬೇಕು, ಯಾರಪ್ಪಾ ನೀನು ಅಂತ!”

ಮಾಮನ ಹೆಂಡತಿ ಮಾಲಿಯಾ ಅತ್ತೆ ಹೊರಗೆ ಬಂದಳು. “ಒಳಗ್ ಬನ್ನಿ ಅಕ್ಕಾ, ಕೊಕೊ ಕುಡೀರಿ.”

“ನೀರಿದ್ಯಾ ಕೊಕೊ ಮಾಡೋಕೆ? ಹೌದಲ್ಲ, ನಿಮ್ಗೆ ಟ್ಯಾಂಕ್ ಬರತ್ತೆ. ಟೈಪ್ ಮಾಡೋಳು ಮನೇಲೇ ಇದಾಳಲ್ಲ!”

ನಾನು ಅಡುಗೆಯ ಗುಡಿಸಲಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. ಹೊರಗೆ ಬರಲಿಲ್ಲ. ಅವರ ಮನೆಯಲ್ಲಿ ಹನ್ನೊಂದು ಜನ. ಪಕ್ಕದ ಊರಿನ ನಲ್ಲಿಯಿಂದ ತಳ್ಳುಗಾಡಿಯಲ್ಲಿ ನೀರು ತರುತ್ತಾರೆ. ಉಪ್ಪುನೀರಲ್ಲಿ ಮೀಯಿಸಿ ಮೊಮ್ಮಗಳ ಕಾಲೆಲ್ಲ ಹುಣ್ಣಾಗಿದೆ. ಬೈಯಲು ಅವರಿಗೆ ಹಕ್ಕಿದೆ. ಆದರೆ ನನ್ನನ್ನಲ್ಲ! ನನ್ನನ್ನಲ್ಲ!

ಊಟಕ್ಕೆ ಕೂತಾಗ ಮಾಮ ಹೇಳಿದರು: “ಮೂವರಿಗೂ ಬರೋವರ್ಗೂ ಆ ಟ್ಯಾಂಕು ನಮ್ಮ ಅಂಗಳಕ್ಕೆ ಕಾಲಿಡ್ಬಾರ್ದು.” ನನ್ನನ್ನು ಏನೂ ಕೇಳಲಿಲ್ಲ. ನೀನು ಮಾಡಿದೆಯಾ ಎಂದಾದರೂ ಕೇಳಬಹುದಿತ್ತು.

ಶುಕ್ರವಾರ ಹದಿನೈದನೇ ತಾರೀಖು ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಊರಿನ ಪಟ್ಟಿ ಮುಚ್ಚುತ್ತದೆ. ಆಮೇಲೆ ದೇವರು ಬಂದರೂ ಒಂದು ಮನೆ ಸೇರುವುದಿಲ್ಲ.

ಆಗಸ್ಟ್ 6, ಬುಧವಾರ

ಕೋಪ. ಬರೆಯಲು ಏನೂ ಇಲ್ಲ. ಟಾರೋ ಹೆರೆಯುವಾಗ ಅರ್ಧ ಟಾರೋ ಸಿಪ್ಪೆಯ ಜೊತೆ ಹೋಯಿತು. ಅತ್ತೆ ನೋಡಿ ಚಾಕು ಇಸಿದುಕೊಂಡಳು.

ಆಗಸ್ಟ್ 7, ಗುರುವಾರ

ಯಂತ್ರ ಮೂರು ಇವೆ. ಅಪಿಯಾದಲ್ಲಿ ಒಂದು, ಬಂದರಿನ ಕಚೇರಿಯಲ್ಲಿ ಒಂದು, ನಮ್ಮ ಕಚೇರಿಯ ಫ್ರಿಜ್ ಪಕ್ಕದಲ್ಲಿ ಒಂದು. ಒಂದಕ್ಕೆ ಹಾಕಿದ್ದು ತಾನಾಗಿಯೇ ಉಳಿದೆರಡಕ್ಕೆ ಹೋಗುತ್ತದೆ. ಒಂದು ಬಿರುಗಾಳಿಗೆ ಹಾಳಾದರೆ ಇನ್ನೆರಡರಲ್ಲಿ ಲೆಕ್ಕ ಇರಲಿ ಎಂದು ಹಾಗೆ ಮಾಡಿದ್ದಾರೆ. ಮೂರನ್ನೂ ನೋಡಿಕೊಳ್ಳುವುದು ಬಂದರಿನ ಲೂಪೆ ಅಕ್ಕ. ನಾನು ಅವರ ಮುಖ ನೋಡಿಲ್ಲ. ಫೋನಿನಲ್ಲಿ ಯಾವಾಗಲೂ ಏನಾದರೂ ತಿನ್ನುತ್ತಿರುತ್ತಾರೆ.

ಇವತ್ತು ಎತುವಾತಿ ಊಟಕ್ಕೆ ಹೋದಾಗ ಫೋನ್ ಮಾಡಿದೆ. ಮಾಡುವ ಮುಂಚೆ ಹೇಳಬೇಕಾದದ್ದನ್ನೆಲ್ಲ ಕಾಗದದಲ್ಲಿ ಬರೆದಿಟ್ಟುಕೊಂಡಿದ್ದೆ. ಅದನ್ನು ನೋಡಿ ಓದಿದೆ.

“ಇನ್ನೂರ ಹದಿನಾಲ್ಕು ತುಂಬಿದೆ ಅಂತ ಅದೇ ಹೇಳ್ತಾ?” ಲೂಪೆ ಅಕ್ಕ ಕೇಳಿದರು.

“ಹೌದು.”

“ಹಂಗಾದ್ರೆ ತುಂಬಿದೆ. ಅದು ಸುಳ್ಳು ಹೇಳಲ್ಲ.”

“ಈಗ ಎಣ್ಸಿದ್ರೆ ನೂರ ಎಂಬತ್ತೇಳು ಅನ್ನತ್ತೆ.”

“ಅದೂ ಸುಳ್ಳಲ್ಲ.”

“ಎರಡೂ ನಿಜ ಹೆಂಗಾಗತ್ತೆ ಅಕ್ಕಾ?”

“ಅದನ್ನ ನೀನೇ ಹುಡುಕು. ನಂಗಿಲ್ಲಿ ಹದಿನೇಳು ಊರಿದೆ.” ಫೋನ್ ಇಟ್ಟರು.

ಹುಡುಕಿದೆ. ಕಡಲ ಕಡೆ ಇರುವ ಮನೆಗಳನ್ನು ತೋರಿಸು ಎಂದು ಯಂತ್ರವನ್ನು ಕೇಳಿದೆ. ಆಗುವುದಿಲ್ಲ, ಕೀಲಿ ಹೇಳು ಎಂದಿತು. ಹನ್ನೊಂದು ಜನ ಇರುವ ಮನೆ ಯಾವುದು ಎಂದು ಕೇಳಿದೆ. ಕೀಲಿ ಹೇಳು. ಒಳಗೆ ಎಲ್ಲ ಇಟ್ಟುಕೊಂಡಿದೆ, ತಾನು ಹೇಳಿದ ಬಾಗಿಲಿಂದ ಕೇಳಿದರೆ ಮಾತ್ರ ಕೊಡುತ್ತದೆ. ಕೀಲಿ ಎಂದರೆ ಊರ ಹೆಸರು ಮತ್ತು ಮನೆಯ ಯಜಮಾನರ ಹೆಸರು. ಯಂತ್ರ ಬಂದಾಗಲೇ ಹಾಗೆ ಗೊತ್ತು ಮಾಡಿದ್ದಾರೆ. ‘ಫಲೆವಾವಾ, ತಾಲಿವಾ’ ಎಂದು ಕೊಟ್ಟೆ. ಒಂದು ಸಾಲು ಬಂತು. ಶಾಲೆಯ ಹಿಂದೆ, ಏಳು ಜನ. ಮತ್ತೆ ಕೇಳಿದೆ. ಅದೇ ಒಂದು ಸಾಲು. ಪರದೆಗೆ ಹೊಡೆಯಬೇಕೆನ್ನಿಸಿತು. ಒರೆಸುವ ಬಟ್ಟೆ ತೆಗೆದುಕೊಂಡು ಧೂಳು ಒರೆಸಿದೆ.

ಆಗಸ್ಟ್ 8, ಶುಕ್ರವಾರ

ಗೊತ್ತಾಯಿತು. ಗೊತ್ತಾಗಿ ಇನ್ನೂ ಹೆಚ್ಚು ಕೋಪ ಬಂದಿದೆ.

ಬೆಳಗ್ಗೆ ಕಡಲ ಕಡೆಯ ತಾಲಿವಾರ ಕಾರ್ಡೊಂದನ್ನೇ ಮತ್ತೆ ಟೈಪ್ ಮಾಡಿ ತುಂಬಿದೆ. ‘1 ಸಾಲು ತುಂಬಿದೆ.’ ಕೀಲಿ ಕೊಟ್ಟು ಕೇಳಿದೆ. ತಾಲಿವಾ, ಕಡಲ ಕಡೆ, ಹನ್ನೊಂದು ಜನ! ಸಂತೋಷವಾಗಿ ಒಂದು ಲೋಟ ಕೊಕೊ ಮಾಡಿಕೊಂಡು ಬಂದು ಎಣಿಸಿದೆ. ನೂರ ಎಂಬತ್ತೆಂಟು ಬರಬೇಕಿತ್ತು. ನೂರ ಎಂಬತ್ತೇಳೇ ಇತ್ತು. ಶಾಲೆಯ ಹಿಂದಿನ ಏಳು ಜನ ಇರಲಿಲ್ಲ. ಮಾಮ ಇರಲಿಲ್ಲ.

ಕೊಕೊ ಆರಿಹೋಗುವವರೆಗೂ ಮತ್ತೆ ಮತ್ತೆ ಎಣಿಸಿದೆ.

ಸಭೆಯ ಮನೆಯಲ್ಲಿ ಪದವಿ ಹೊತ್ತ ಪ್ರತಿ ಮತಾಯಿಗೂ ಒರಗಿ ಕೂರಲು ಅವರದೇ ಕಂಬ ಇರುತ್ತದೆ. ಈ ಯಂತ್ರದಲ್ಲಿ ಒಂದು ಹೆಸರಿಗೆ ಒಂದೇ ಕಂಬ. ಎರಡನೇ ತಾಲಿವಾ ಬಂದರೆ ಇಲ್ಲಿ ಜನ ಇದ್ದಾರೆ ಎಂದು ಹೇಳುವುದಿಲ್ಲ. ಮೊದಲನೆಯವರನ್ನು ಎಬ್ಬಿಸಿ ಇವರನ್ನು ಕೂರಿಸುತ್ತದೆ. ಮೂರನೆಯವರು ಬಂದರೆ ಎರಡನೆಯವರೂ ಹೊರಗೆ. ಸದ್ದಿಲ್ಲ, ಜಗಳವಿಲ್ಲ. ಪ್ರತಿ ಸಲವೂ ತುಂಬಿದೆ, ತುಂಬಿದೆ ಎಂದು ಎಣಿಸಿಕೊಂಡು ಹೋಗುತ್ತದೆ. ಇನ್ನೂರ ಹದಿನಾಲ್ಕು ಸಲ ಕೂರಿಸಿತು. ಕೊನೆಗೆ ಕೂತಿದ್ದವರು ನೂರ ಎಂಬತ್ತೇಳು ಜನ.

ಕಡೆಗೆ ಬಂದವರು ಉಳಿಯುತ್ತಾರೆ. ಕಡೆಗೆ ಹಾಕಿದ್ದು ಯಾರನ್ನು? ನಮ್ಮ ಮನೆಯನ್ನು. ಮರ್ಯಾದೆಗೆ ಅಂತ ಕಡೆಗೆ ಹಾಕಿದೆ. ದುರಾಸೆಯಿಂದ ಮೊದಲು ಹಾಕಿದ್ದರೆ ನಾವೇ ಹೋಗಿರುತ್ತಿದ್ದೆವು, ಊರಲ್ಲಿ ಯಾರೂ ಬೈಯುತ್ತಿರಲಿಲ್ಲ.

ಇದನ್ನು ಯಾರಿಗೆ ಹೇಳುವುದು? ಹೇಳಿದರೆ ಯಾರಿಗೆ ಅರ್ಥವಾಗುತ್ತದೆ?

ಆಗಸ್ಟ್ 11, ಸೋಮವಾರ

ಶುಕ್ರವಾರ ಬೆಳಗ್ಗೆಯಿಂದ ಭಾನುವಾರದವರೆಗೆ ಅಪಿಯಾದ ಯಂತ್ರದ ತಂತಿ ಬಿದ್ದಿತ್ತು, ಫೋನ್ ಮಾತ್ರ ಇತ್ತು. ಹಾಗಾಗಿ ನಾನು ಶುಕ್ರವಾರ ಮಾಡಿದ್ದು ಅಲ್ಲಿಗೆ ಹೋಗಿರಲಿಲ್ಲ. ಎತುವಾತಿ ಎರಡು ಹಾಳೆ ಹಿಡಿದುಕೊಂಡು ಬಂದರು.

“ಇದು ಅಪಿಯಾದ್ದು, ತಾಲಿವಾ ಏಳು ಜನ. ಇದು ಇಲ್ಲೀದು, ತಾಲಿವಾ ಹನ್ನೊಂದು ಜನ. ವಾರದ ಕೊನೇಲಿ ನಾಲ್ಕು ಜನಾನ ಹೆತ್ತೆಯಾ?”

ಪೈಪಿನವರು ನಗಲು ಬಾಯಿ ತೆರೆದರು.

“ಅವ್ರು ಬೇರೆ ತಾಲಿವಾ” ಅಂದೆ. “ಮೂರು ಜನ ಇದಾರೆ. ಕೀಲಿ ಒಂದೇ. ಒಬ್ರು ಬಂದ್ರೆ ಒಬ್ರು ಹೋಗ್ತಾರೆ.”

ಅವರು ಕುರ್ಚಿ ಎಳೆದುಕೊಂಡು ಕೂತರು. ಕಾರ್ಡುಗಳನ್ನು ತೆಗೆದು ಒಂದೊಂದಾಗಿ ನೋಡಿದರು. ದಡ್ಡರಲ್ಲ, ಬೇಗ ಅರ್ಥವಾಯಿತು. ಆದರೆ ಅರ್ಥವಾದ ಮೇಲೆ ಹೇಳಿದ್ದೇನು?

“ಇಲ್ನೋಡು, ‘ಸ್ವಂತ ಹೆಸರು’ ಅಂತ ಜಾಗ ಇದೆ. ನಾನೇ ಮಾಡ್ಸಿದ್ದು. ಪದವಿ ಜೊತೆ ಸ್ವಂತ ಹೆಸ್ರೂ ಸೇರಿದ್ರೆ ಕೀಲಿ ಬೇರೆಬೇರೆ ಆಗ್ತಿತ್ತು. ಯಾಕೆ ಖಾಲಿ ಬಿಟ್ಟೆ?”

“ಕಾರ್ಡಲ್ಲೇ ಖಾಲಿ ಇತ್ತು.”

“ಕೇಳ್ಬೇಕಿತ್ತು.”

ಮತಾಯಿಯ ಹತ್ತಿರ ಹೋಗಿ, ನಿಮಗೆ ಪದವಿ ಬರುವ ಮುಂಚೆ, ಚಡ್ಡಿ ಹಾಕಿಕೊಂಡು ಓಡಾಡುವಾಗ ನಿಮ್ಮನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳುವುದೇ? ಹೆಂಗಸರ ಸಂಘದ ಅಧ್ಯಕ್ಷೆಯೇ ಕೇಳಿಲ್ಲ.

“ನಿಮ್ಮಪ್ಪನೂ ಮತಾಯಿ ಅಲ್ವಾ?” ಅಂದೆ. “ಅವರು ಕೂತಿರೋ ಮನೇಲಿ ನಿಂತು ಅವರ ಹುಟ್ಟು ಹೆಸರು ಕೂಗ್ತೀರಾ ನೀವು?”

ಪೈಪಿನವರು ಬಾಯಿ ಮುಚ್ಚಿದರು. ಎತುವಾತಿ ಕಾರ್ಡುಗಳನ್ನು ಮತ್ತೆ ಕಟ್ಟಿಟ್ಟರು. ಹೇಳಬೇಕಾದ್ದರಲ್ಲಿ ಕಾಲು ಭಾಗವೂ ಹೇಳಲಾಗಲಿಲ್ಲ. ನಾನು ಮಾತಾಡುವವಳಲ್ಲ.

ಲೂಪೆ ಅಕ್ಕನಿಗೆ ಫೋನ್ ಮಾಡಿ ಕೀಲಿ ಬದಲಾಯಿಸಿ ಎಂದೆ. ಬಾಯಲ್ಲಿದ್ದದ್ದನ್ನು ನುಂಗಿ ಹೇಳಿದರು: “ಕಟ್ಟಿದ ಮೇಲೆ ಕೀಲಿ ಬದಲಾಯ್ಸೋಕಾಗಲ್ಲ ಮಗಳೇ. ಹೊಸ ಪಟ್ಟಿನೇ ಕಟ್ಬೇಕು. ಅದಕ್ಕೆ ಅಪಿಯಾ ಒಪ್ಗೆ ಬೇಕು. ಒಪ್ಗೆ ಬರೋ ಹೊತ್ಗೆ ನಿಮ್ಮ ಟ್ಯಾಂಕು ಬೇರೆ ದ್ವೀಪದಲ್ಲಿ ಇರತ್ತೆ. ಹುಟ್ಟು ಹೆಸ್ರು ತಗೊಂಬಾ, ಆ ಜಾಗದಲ್ಲಿ ಬೇರೇನು ಬರೆದ್ರೂ ಅಪಿಯಾ ಒಪ್ಪಲ್ಲ. ಅದೊಂದೇ ದಾರಿ.”

ಎಣಿಸಿದೆ. ಹಂಚಿಹೋದ ಪದವಿ ಹದಿನಾಲ್ಕು. ಅವನ್ನು ಹೊತ್ತವರು ನಲವತ್ತೊಂದು ಜನ. ಗುರುವಾರ ಟೈಪ್ ಮಾಡಬೇಕು. ಕೇಳಲು ನಾಳೆ, ನಾಡಿದ್ದು, ಎರಡೇ ದಿನ.

ಆಗಸ್ಟ್ 12, ಮಂಗಳವಾರ

ಮೊದಲು ಮಾಮನನ್ನೇ ಕೇಳಿದೆ. ಅವರು ಬಲೆ ಹೊಲಿಯುತ್ತಿದ್ದರು. ಬಗ್ಗಿ, ‘ತುಲೋ’ ಎಂದು ಅಪ್ಪಣೆ ಕೇಳಿ ಅವರ ಮುಂದೆ ಹಾದು, ಚಾಪೆಯ ಅಂಚಿನಲ್ಲಿ ಕೂತೆ. ಹೇಗೆ ಶುರು ಮಾಡುವುದೆಂದು ತಿಳಿಯದೆ ಶುಕ್ರವಾರದಿಂದ ಆದದ್ದನ್ನೆಲ್ಲ ಹೇಳಿದೆ. ಕಂಬದ ಮಾತು ಹೇಳಿದಾಗ ಅವರು ಸೂಜಿ ಕೆಳಗಿಟ್ಟರು.

“ಅಂದ್ರೆ ನಾನು ಕಡಲ ಕಡೆ ಅಣ್ಣನ್ನ ನೂಕಿ ಕೂತ್ಕೊಂಡಿದೀನಿ.”

“ನೀವಲ್ಲ ಮಾಮ. ಯಂತ್ರ ಕೂರ್ಸಿದ್ದು.”

“ಕೂತಿರೋನು ನಾನೇ ಅಲ್ವಾ.” ಬಲೆ ಪಕ್ಕಕ್ಕೆ ಸರಿಸಿ, “ಬರ್ಕೋ. ವಾಲೆಲೆ” ಅಂದರು. “ಅಮ್ಮಂಗೆ ನೋವು ಬಂದಾಗ ಒಂದು ವಿಮಾನ ತೆಂಗಿನ ಗರಿಗೆ ತಾಗೋ ಹಾಗೆ ಹೋಯ್ತಂತೆ. ವಿಮಾನ ಅಂತ್ಲೇ ಹೆಸರಿಟ್ಬಿಟ್ರು. ಮೂವತ್ತೊಂದು ವರ್ಷ ಆಯ್ತು ಯಾರೂ ಕರ್ದು.”

ಒಳಗಿಂದ ಅತ್ತೆ, “ವಿಮಾನ ಅಂತ ಹೆಸರು, ದೋಣಿ ಹತ್ತಿದ್ರೆ ವಾಂತಿ” ಅಂದಳು. ಮಾಮ ನಕ್ಕರು. ಬಿರುಗಾಳಿ ಬಂದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಮತ್ತೆ ಗಂಭೀರವಾಗಿ, “ಗೋಡೆ ಮೇಲೆ ಹಾಕ್ಬೇಡಿ. ಮಕ್ಳು ಕೂಗಾಡ್ತಾವೆ” ಅಂದರು. ಹಾಕುವುದಿಲ್ಲ ಎಂದು ಮಾತು ಕೊಟ್ಟೆ.

ಸೇತುವೆ ಬಳಿಯ ತಾಲಿವಾ ಕೇಳಿದ ಕೂಡಲೇ ಹೇಳಿದರು. ಪದವಿ ಬಂದು ಒಂದೇ ವರ್ಷ, ಇನ್ನೂ ಹೊಸ ಚಪ್ಪಲಿಯ ಹಾಗೆ. ಮಿಕ್ಕವರು ಅಷ್ಟು ಸುಲಭವಿಲ್ಲ. ಒಬ್ಬರು, ನಿನ್ನ ತಾಯಿಯನ್ನು ಕಳಿಸು ಅಂದರು. ಅಮ್ಮ ಸತ್ತು ಹನ್ನೆರಡು ವರ್ಷ ಎಂದೆ. ಒಬ್ಬರು ಹೆಂಡತಿಯ ಕಿವಿಯಲ್ಲಿ ಹೇಳಿ ಹೆಂಡತಿಯಿಂದ ಹೇಳಿಸಿದರು. ಒಬ್ಬರು ಸುಳ್ಳು ಹೆಸರು ಕೊಟ್ಟರು, ಅದು ಅವರ ಹಂದಿಯ ಹೆಸರು ಎಂದು ಅವರ ಸೊಸೆ ರಸ್ತೆಯವರೆಗೆ ಓಡಿ ಬಂದು ಹೇಳಿದಳು. ತಿರುಗಿ ಹೋದೆ. ಎರಡನೇ ಸಲ ಅವರಿಗೇ ನಾಚಿಕೆಯಾಯಿತು.

ಸಂಜೆ ಪ್ರಾರ್ಥನೆಯ ಗಂಟೆಯ ಹೊತ್ತಿಗೆ ಹತ್ತೊಂಬತ್ತು. ಕಾಲು ನೋಯುತ್ತಿದೆ. ಎತುವಾತಿ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದರು. ಇದನ್ನು ನೆನಪಿಟ್ಟುಕೊಳ್ಳಬೇಕು.

ಆಗಸ್ಟ್ 13, ಬುಧವಾರ

ಕಡಲ ಕಡೆಯ ತಾಲಿವಾರ ಮನೆಯನ್ನು ಕಡೆಗೆ ಉಳಿಸಿಕೊಂಡಿದ್ದೆ. ಹೆದರಿಕೆ.

ಫುವಾಫಿವಾ ಬಾಗಿಲಲ್ಲೇ, “ಓ, ಟೈಪಿನ ರಾಣಿ!” ಅಂದರು. “ಇನ್ನೇನು ಬಿಟ್ಟಿದೀವಿ ಅಳ್ಸೋಕೆ?”

ಹಿರಿಯರು ಒಳಗೆ ತಮ್ಮ ಕಂಬಕ್ಕೆ ಒರಗಿ ಕೂತಿದ್ದರು. ಅವರಿಗೆ ಎಂಬತ್ತು ದಾಟಿದೆ. ನಾನು ಅಂಚಿನಲ್ಲಿ ಕೂತು ಹೇಳಿದೆ. ಪೂರ್ತಿ ಕೇಳಿದರು. ಕೇಳಿ, “ನನ್ನ ಹೆಸರು ತಾಲಿವಾ” ಅಂದರು.

“ಅದು ಪದವಿ ಹಿರಿಯರೇ. ಅದಕ್ಕೆ ಮುಂಚಿನ…”

“ಅದಕ್ಕೆ ಮುಂಚೆ ಇದ್ದೋನು ಸತ್ತ. ಪದವಿ ಕೊಟ್ಟ ದಿವ್ಸ ಸತ್ತ. ಅವನ ಹೆಸರು ಕೇಳೋಕೆ ನೀನು ಯಾರು? ಮೊನ್ನೆ ಹುಟ್ಟಿದೋಳು.”

ಹಿಂದೆ ಆಗಿದ್ದರೆ ಕ್ಷಮಿಸಿ ಎಂದು ಎದ್ದು ಬರುತ್ತಿದ್ದೆ. ಕಾಲು ಎಷ್ಟು ನೋಯುತ್ತಿತ್ತೆಂದರೆ ಏಳಲು ಮನಸ್ಸಾಗಲಿಲ್ಲ. ಆಗ ಮೊಮ್ಮಗಳು ಬಂದು ಅವರ ತೊಡೆಯ ಮೇಲೆ ಕೂತಳು. ಮೊಣಕಾಲಿನವರೆಗೆ ಬಟ್ಟೆ ಸುತ್ತಿದ್ದರು. ಅದನ್ನು ನೋಡಿ ನನಗೆ ಎಲ್ಲರ ಮೇಲೂ ಕೋಪ ಬಂತು. ಎತುವಾತಿ, ಯಂತ್ರ, ಈ ಮುದುಕರು, ನಾನು, ಎಲ್ಲರ ಮೇಲೂ.

“ಗೌರವ ಇದೆ ಹಿರಿಯರೇ, ಯಾರೂ ಕಿತ್ಕೊಂಡಿಲ್ಲ” ಅಂದೆ. “ಈ ಕೂಸಿನ ಕಾಲು ತೊಳ್ಯೋಕೆ ನೀರಿದ್ಯಾ?”

ನನ್ನ ದನಿ ದೊಡ್ಡದಾಗಿತ್ತು. ಪಕ್ಕದ ಮನೆಯವರು ಈ ಕಡೆ ತಿರುಗಿ ನೋಡಿದರು. ಫುವಾಫಿವಾ ಹೊಡೆಯಲು ಬಂದರೆಂದುಕೊಂಡೆ. ಬರಲಿಲ್ಲ. ಅಲ್ಲೇ ಕೂತುಬಿಟ್ಟರು. “ಹೇಳ್ರೀ” ಅಂದರು ಗಂಡನಿಗೆ. “ನಾನೂ ಒಂದ್ಸಲ ಕೇಳ್ತೀನಿ. ಮದ್ವೆ ದಿನ ಪಾದ್ರಿ ಹೇಳಿದ್ದು, ಆಮೇಲೆ ಮರ್ತೇ ಹೋಗಿದೆ.”

ಅವರು ಹೇಳಲಿಲ್ಲ. ಕೈ ಚಾಚಿದರು. ಕಾಗದ, ಪೆನ್ನು ಕೊಟ್ಟೆ. ಬಹಳ ಹೊತ್ತು ಬರೆದರು. ನಾಲ್ಕೇ ಅಕ್ಷರ. ಬರೆದು, ಮಡಚಿ, ನನ್ನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು. “ಯಂತ್ರ ನೋಡ್ಲಿ. ಗೋಡೆ ನೋಡ್ಬಾರ್ದು.”

ಆ ಹೆಸರನ್ನು ನಾನು ಇಲ್ಲೂ ಬರೆಯುವುದಿಲ್ಲ. ಅವರ ಅಕ್ಷರ ನನ್ನದಕ್ಕಿಂತ ಕೆಟ್ಟದಾಗಿದೆ.

ಆಗಸ್ಟ್ 14, ಗುರುವಾರ

ಹಂಚಿಹೋದ ಪದವಿಗಳ ಹದಿನಾಲ್ಕು ಸಾಲು ಅಳಿಸಿದೆ. ನೂರ ಎಪ್ಪತ್ತಮೂರು ಉಳಿಯಿತು. ನಲವತ್ತೊಂದು ಜನರನ್ನು ಹೆಸರಿನ ಜೊತೆ ತುಂಬಿದೆ. ಮಾಮನನ್ನು ಮತ್ತೆ ಕಡೆಗೇ ಹಾಕಿದೆ. ಈ ಸಲ ಯಾರೂ ಏಳಬೇಕಾಗಿಲ್ಲ. ಎಣಿಸಿದೆ. ಇನ್ನೂರ ಹದಿನಾಲ್ಕು. ಬಂದರಿನ ಯಂತ್ರದಲ್ಲೂ ಇನ್ನೂರ ಹದಿನಾಲ್ಕು ಎಂದು ಲೂಪೆ ಅಕ್ಕ ಹೇಳಿದರು. ಅಷ್ಟರಲ್ಲಿ ಅಪಿಯಾದ ತಂತಿ ಮತ್ತೆ ಬಿತ್ತು.

“ಬಂದಾಗ ತಾನೇ ಹೋಗತ್ತೆ ಬಿಡು” ಅಂದರು ಎತುವಾತಿ.

“ನಾಳೆ ಹನ್ನೆರಡಕ್ಕೆ ಬರ್ದಿದ್ರೆ?”

“ಬರತ್ತೆ.”

ಅವರಿಗೆ ಏನು. ಅವರ ಮನೆಯಲ್ಲಿ ನಲ್ಲಿ ಇದೆ.

ಲೂಪೆ ಅಕ್ಕ ಹೇಳಿದ್ದು ಬೇರೆ. ಅಪಿಯಾದವರು ಪಟ್ಟಿ ಕೇಳಿದರೆ ಅಲ್ಲಿನ ಯಂತ್ರ ತನ್ನಲ್ಲಿರುವ ಹಳೆಯದನ್ನೇ ಕೊಡುತ್ತದೆ. ಕೇಳುವಾಗಲೇ ‘ಮೂರು ಯಂತ್ರದಲ್ಲಿ ಎರಡು ಒಪ್ಪಿದ್ದನ್ನು ಕೊಡು’ ಎಂದು ಕೇಳಬೇಕು. ತಂತಿ ಇಲ್ಲದೆ ಇನ್ನೊಂದು ಯಂತ್ರ ಸಿಗದಿದ್ದರೆ ಅದು ಉತ್ತರವನ್ನೇ ಕೊಡುವುದಿಲ್ಲ. “ತಪ್ಪು ಪಟ್ಟಿ ಬರೋದಕ್ಕಿಂತ ಪಟ್ಟಿ ಬರ್ದೇ ಇರೋದು ವಾಸಿ. ಪಟ್ಟಿ ಇಲ್ದೆ ಅವ್ರು ಬಾಗ್ಲು ಮುಚ್ಚೋಕಾಗಲ್ಲ. ನಿಮ್ಮ ಸಾಹೇಬ್ರಿಂದ ಅಪಿಯಾಗೆ ಹೇಳ್ಸು. ನಾನು ಹೇಳಿದ್ರೆ ಕೇಳಲ್ಲ ಅವ್ರು.”

ಎತುವಾತಿಗೆ ಹೇಳಿದೆ. ನಾಳೆ ನೋಡೋಣ ಅಂದರು. ಫೋನನ್ನು ಅವರ ಮುಂದಿಟ್ಟೆ. “ಇವತ್ತು” ಅಂದೆ.

“ಅಕೆನೇಸೆ, ಇಲ್ಲಿ ಮುಖ್ಯಸ್ಥ ಯಾರು?”

“ನೀವು. ಅದಕ್ಕೇ ನೀವೇ ಮಾಡ್ಬೇಕು. ನಲವತ್ತೊಂದು ಮನೇಗೆ ನಾನು ಹೋಗ್ಬಂದೆ. ನೀವು ಒಂದು ಫೋನ್ ಮಾಡಿ.”

ಮಾಡಿದರು. ಮಾಡುವವರೆಗೂ ನಾನು ಅಲ್ಲಿಂದ ಅಲ್ಲಾಡಲಿಲ್ಲ. ಆದರೂ ಹೇಳುವ ಹಾಗೆ ಹೇಳಲು ನನಗೆ ಬರುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮೊದಲ ದಿನವೇ ಮೇಜು ಕುಟ್ಟಿ ಹೇಳಿರುತ್ತಿದ್ದರು.

ಆಗಸ್ಟ್ 15, ಶುಕ್ರವಾರ

ಹತ್ತಕ್ಕೆ ಅಪಿಯಾದವರು ಅಲ್ಲಿನ ಯಂತ್ರವನ್ನು ಪಟ್ಟಿ ಕೇಳಿದರು. ಉತ್ತರ ಇಲ್ಲ. ಹತ್ತೂವರೆಗೆ ಕೇಳಿದರು. ಇಲ್ಲ. ಎತುವಾತಿಗೆ ಫೋನ್ ಮಾಡಿ ಬೈದರಂತೆ, ಇದೇನು ಕೆಲಸ ಎಂದು. ಅವರ ಕುತ್ತಿಗೆ ಕೆಂಪಾಗಿತ್ತು. ನಾನು ಫ್ರಿಜ್ ಪಕ್ಕದಿಂದ ಏಳಲಿಲ್ಲ. ಹನ್ನೊಂದೂ ಇಪ್ಪತ್ತಕ್ಕೆ ತಂತಿ ಬಂತು. ಹನ್ನೊಂದೂ ಮೂವತ್ತೈದಕ್ಕೆ ಪಟ್ಟಿ ಬಂತು.

ಇನ್ನೂರ ಹದಿನಾಲ್ಕು.

ಎತುವಾತಿ ಡ್ರೈವರಿಗೆ, “ನಾವು ಸರಿ ಮಾಡಿದ್ವಿ” ಅಂದರು. ನಾವು ಅಂತೆ!

ಆಗಸ್ಟ್ 16, ಶನಿವಾರ

ಗೋಡೆಗೆ ಅಂಟಿಸಲು ಎತುವಾತಿ ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು. ಎಲ್ಲ ಇತ್ತು. ಪದವಿ, ಸ್ವಂತ ಹೆಸರು, ಜಾಗ, ಜನ. ಸ್ವಂತ ಹೆಸರಿನ ಪಟ್ಟೆ ಅಂಟಿಸುವುದಿಲ್ಲ ಎಂದೆ.

“ಸರ್ಕಾರದ ಕಾಗ್ದ ಅದು. ಇದ್ದಂಗೇ ಅಂಟ್ಸು” ಅಂದು ಬಂದರಿಗೆ ಹೋದರು.

ಅಂಗಡಿಯವಳ ಹತ್ತಿರ ಕತ್ತರಿ ಇಸಿದುಕೊಂಡೆ. ಒಂಬತ್ತು ಹಾಳೆ. ಹೆಸರಿನ ಪಟ್ಟೆಯನ್ನು ಮೇಲಿನಿಂದ ಕೆಳಗೆ ನೇರವಾಗಿ ಕತ್ತರಿಸಿ ತೆಗೆದು, ಉಳಿದ ಎರಡು ತುಂಡನ್ನು ಜೋಡಿಸಿ ಅಂಟಿಸಿದೆ. ಈಗ ಗೋಡೆಯಲ್ಲಿ ತಾಲಿವಾ, ಕಡಲ ಕಡೆ. ತಾಲಿವಾ, ಸೇತುವೆ ಬಳಿ. ತಾಲಿವಾ, ಶಾಲೆಯ ಹಿಂದೆ. ಊರಿಗೆ ಅಷ್ಟು ಸಾಕು. ಹೆಸರಿನ ಒಂಬತ್ತು ಪಟ್ಟೆಗಳನ್ನೂ ಹಿರಿಯರು ಮಡಚಿಕೊಟ್ಟ ಕಾಗದವನ್ನೂ ಮನೆಗೆ ತಂದು ಉಮು ಒಲೆಯ ಕಲ್ಲು ಕಾಯಿಸುವ ಬೆಂಕಿಗೆ ಹಾಕಿದೆ. ಅದರ ಮೇಲೆ ಟಾರೋ ಬೆಂದಿತು.

ಸಂಜೆ ಫುವಾಫಿವಾ ಅರ್ಧ ಆಕ್ಟೋಪಸ್ ಎಲೆಯಲ್ಲಿ ಸುತ್ತಿ ತಂದು ಅತ್ತೆಯ ಕೈಗೆ ಕೊಟ್ಟರು. ನನ್ನ ಕಡೆ ನೋಡಿ, “ಗಂಟಲು ದೊಡ್ಡದು ಇವಳದು, ಎಲ್ಲಿ ಬಚ್ಚಿಟ್ಟಿದ್ಲೋ” ಅಂದರು. ಕ್ಷಮೆ ಕೇಳಲಿಲ್ಲ. ಊರಿಗೆಲ್ಲ ಕೇಳುವ ಹಾಗೆ ಬೈದವರು ಊರಿಗೆಲ್ಲ ಕೇಳುವ ಹಾಗೆ ಕ್ಷಮೆಯನ್ನೂ ಕೇಳಬಹುದಿತ್ತು. ಆಕ್ಟೋಪಸ್ ಮೆತ್ತಗಿತ್ತು, ತಿಂದೆ. ಕೋಪ ಇನ್ನೂ ಇದೆ.

ಆಗಸ್ಟ್ 18, ಸೋಮವಾರ

ಬೆಳಗ್ಗೆ ಕಚೇರಿಗೆ ಎಲ್ಲರಿಗಿಂತ ಮುಂಚೆ ಬಂದು ಇದನ್ನು ಬರೆಯುತ್ತಿದ್ದೇನೆ. ಟ್ಯಾಂಕುಗಳ ಮೊದಲ ಲಾರಿ ಬುಧವಾರ ಹಡಗಿನಿಂದ ಇಳಿಯುತ್ತದಂತೆ. ಮೊದಲು ಕಡಲ ಕಡೆಗೆ ಹೋಗಲಿ ಎಂದು ಮಾಮ ಸಭೆಯಲ್ಲಿ ಕೇಳುತ್ತಾರೆ.

ನನ್ನ ಮೇಜಿನ ಮೇಲೆ ಮುಂದಿನ ಸರದಿಯ ಊರಿನ ಕಾರ್ಡಿನ ಕಟ್ಟು ಇತ್ತು. ನೂರ ಅರವತ್ತೆರಡು. ಮೇಲೆ ಎತುವಾತಿಯವರ ಚೀಟಿ: ‘ಶುಕ್ರವಾ‍ರದೊಳಗೆ ತುಂಬು.’ ಬಿಚ್ಚಿ ನೋಡಿದೆ. ಸ್ವಂತ ಹೆಸರಿನ ಜಾಗ ಖಾಲಿ, ಖಾಲಿ, ಖಾಲಿ. ಒಂದೇ ಪದವಿ ಎರಡು ಮೂರು ಸಲ ಬಂದ ಕಾರ್ಡುಗಳನ್ನು ಆರಿಸಿ ತೆಗೆದೆ. ಮೂವತ್ತಮೂರು. ಆ ಊರು ಎತುವಾತಿಯವರ ತಂದೆಯ ಊರು.

ಮೂವತ್ತಮೂರನ್ನೂ ದಾರದಿಂದ ಕಟ್ಟಿ, ಮೇಲೆ ಒಂದು ಪೆನ್ನು ಸಿಕ್ಕಿಸಿ, ಅವರ ಕುರ್ಚಿಯ ಮೇಲೆ, ಅವರು ಕೂರುವ ಜಾಗದಲ್ಲೇ ಇಟ್ಟೆ. ಫ್ಯಾನ್ ಆರಿಸಿದೆ. ಈಗ ಕೊಕೊ ಕುಡಿಯುತ್ತಿದ್ದೇನೆ.